ಎಕ್ಕೆ ಹಾಲು ಮತ್ತು ಹುಲಿಗೆಮ್ಮನ ಕಣ್ಣು

1998ರಲ್ಲಿ ನಾನು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಯುರ್ವೇದ ವೈದ್ಯನಾಗಿದ್ದೆ. ಮಳೆ ಕಡಿಮೆಯ ಆ ನೆಲದಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವುದು ಎಕ್ಕೆ ಗಿಡ. ಎಲೆಗೆ ಎಳ್ಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟಿದರೆ ಮಂಡಿನೋವು ತಗ್ಗುತ್ತದೆ. ಕಾಲಲ್ಲಿ ಮುಳ್ಳು ಮುರಿದರೆ ಕುರಿ ಕಾಯುವವರು ಅದರ ಹಾಲು ಬಿಡುತ್ತಾರೆ. ಒಂದೆರಡು ದಿನದಲ್ಲಿ ಮುಳ್ಳು ಮೇಲೆ ಬರುತ್ತದೆ.

ಒಂದು ಆರೋಗ್ಯ ಶಿಬಿರದಲ್ಲಿ ನಾನು ಇದನ್ನೇ ಹೊಗಳಿದೆ. ಹಾಲಿನಲ್ಲಿ ಪ್ರೋಟೀನ್ ಕರಗಿಸುವ ಎನ್‌ಜೈಮ್‌ಗಳಿವೆ, ಅವು ಮುಳ್ಳಿನ ಸುತ್ತಲಿನ ಚರ್ಮವನ್ನು ಮೆತ್ತಗೆ ಮಾಡುತ್ತವೆ ಎಂದೆ. "ನಿಮ್ಮ ಹಿರಿಯರೇ ವಿಜ್ಞಾನಿಗಳು" ಎಂದೂ ಸೇರಿಸಿದೆ. ಚಪ್ಪಾಳೆ ಬಿತ್ತು. ಅದೇ ಹಾಲಿನಲ್ಲಿ ಕ್ಯಾಲೊಟ್ರೋಪಿನ್ ಎಂಬ, ಹೃದಯವನ್ನೇ ನಿಲ್ಲಿಸಬಲ್ಲ ವಿಷವಿದೆ, ಅದು ಕಣ್ಣಿಗೆ ತಾಗಲೇಬಾರದು ಎಂದು ಹೇಳಲಿಲ್ಲ. ಹಳ್ಳಿಯವರಿಗೆ ಗೊತ್ತಿರುತ್ತದೆ ಬಿಡು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಎರಡು ವಾರದ ನಂತರ, ಶಿಬಿರದಲ್ಲಿ ನನ್ನ ಮಾತು ಕೇಳಿದ್ದ ಕುರಿ ಸಾಕುವ ಮೈಲಾರಪ್ಪ ತನ್ನ ಹೆಂಡತಿ ಹುಲಿಗೆಮ್ಮನನ್ನು ಕರೆತಂದ. ಬಾಲ್ಯದ ಸಿಡುಬಿನಲ್ಲಿ ಅವಳ ಎಡಗಣ್ಣು ಹೋಗಿತ್ತು, ಇದ್ದದ್ದು ಬಲಗಣ್ಣೊಂದೇ. ನಾಲ್ಕು ದಿನದ ಹಿಂದೆ ಸಜ್ಜೆ ತೂರುವಾಗ ಅದಕ್ಕೆ ಹೊಟ್ಟು ಬಿದ್ದಿತ್ತು.

"ಮುಳ್ಳು ತಗಿಯೋ ಹಾಲು ಹೊಟ್ಟು ತಗಿಯಂಗಿಲ್ಲೇನು ಅಂತ ಎರಡು ಹನಿ ಬಿಟ್ಟೆ ನೋಡ್ರಿ" ಎಂದ ಮೈಲಾರಪ್ಪ, ಹೆಮ್ಮೆಯಿಂದಲೇ. "ಚುಚ್ಚೋದು ಗಪ್ ಆತು. ಈಗ ಬರೇ ಮಂಜು ಮಂಜು ಅಂತಾಳ."

ಎಕ್ಕೆ ಹಾಲು ಕಣ್ಣನ್ನು ಮರಗಟ್ಟಿಸುತ್ತದೆ. ನೋವು ನಿಂತದ್ದನ್ನು ಅವರು ವಾಸಿಯಾಯಿತೆಂದು ತಿಳಿದರು. ಅಷ್ಟರಲ್ಲಿ ವಿಷವು ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿರುವ ತಿಳಿ ಪರದೆಯ, ಒಳಪದರಕ್ಕೆ ಇಳಿದಿತ್ತು. ಕಣ್ಣು ತೊಳೆದು, ಸಿಕ್ಕ ಬಸ್ಸಿನಲ್ಲಿ ಇಬ್ಬರನ್ನೂ ಬಳ್ಳಾರಿಗೆ ಕರೆದೊಯ್ದೆ. ಅಲ್ಲಿನ ಕಣ್ಣಿನ ವೈದ್ಯರು ಸ್ಟೀರಾಯ್ಡ್ ಹನಿ ಹಾಕಿ ತಿಂಗಳುಗಟ್ಟಲೆ ಹೆಣಗಿದರು. ಪರದೆ ತಿಳಿಯಾಗಲಿಲ್ಲ. ಹಗಲೋ ಇರುಳೋ ಎಂಬುದಷ್ಟೇ ಅವಳಿಗೆ ಕಾಣುತ್ತಿತ್ತು.

ಮುಂದೆ ಒಂದು ಸಂಜೆ ಅವರ ಮನೆಗೆ ಹೋದೆ. ಗಂಡ ಇನ್ನೂ ಬಂದಿರಲಿಲ್ಲ. ಹುಲಿಗೆಮ್ಮ ಮೆಲ್ಲಗೆ ಕೇಳಿಕೊಂಡಳು: "ಹೊಟ್ಟಿನಿಂದ ಹೋತು ಅನ್ರಿ ಸಾರ್. ಹಾಲಿನ ಸುದ್ದಿ ಎತ್ತಬ್ಯಾಡ್ರಿ."

ಮೈಲಾರಪ್ಪ ಬಂದವನೇ ಕೇಳಿದ: "ಖರೇ ಹೇಳ್ರಿ ಸಾರ್. ನನ್ನ ಕೈಯಿಂದ ಹೋತೇನ್ರಿ?"

ಸುಳ್ಳು ಹೇಳಿದರೆ ಅವನು ನಾಳೆ ಇನ್ನೊಬ್ಬರ ಕಣ್ಣಿಗೂ ಅದೇ ಹಾಲು ಬಿಟ್ಟಾನು. "ಹಾಲಿನಿಂದಲೇ ಹೋಯಿತಪ್ಪ. ಆದರೆ ತಪ್ಪು ನನ್ನದು, ಹೊಗಳಿದವನು ನಾನು" ಎಂದೆ. ಎರಡನೆಯ ಮಾತು ಅವನ ಕಿವಿಗೆ ಬೀಳಲೇ ಇಲ್ಲ. ತನ್ನ ಬೆರಳುಗಳನ್ನೇ ನೋಡುತ್ತ ನಿಂತು, ಆಮೇಲೆ ಹೊರಗೆ ಹೋಗಿಬಿಟ್ಟ.

ಹುಲಿಗೆಮ್ಮ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ಕಣ್ಣು ನಂದು ಹೋಗಿತ್ತು ಸಾರ್. ಆತಂದು ನಿದ್ದಿ ಯಾಕ ಕಳದ್ರಿ?"

ಆ ನಂತರ ಯಾವ ಗಿಡದ ಹೆಸರೆತ್ತಿದರೂ ಗುಣಕ್ಕಿಂತ ಮೊದಲು ಅದರ ಕೇಡನ್ನು ಹೇಳಿದ್ದೇನೆ. ವೃತ್ತಿ ಕಲಿಸಿದ್ದು ಅಷ್ಟು. ಹುಲಿಗೆಮ್ಮನಿಗೆ ಏನು ಉತ್ತರ ಕೊಡಬೇಕಿತ್ತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.