ಸೊಸೆ ಬಸ್ಸು ಕಲಿತ ಬೇಸಿಗೆ

ಮಧ್ಯಾಹ್ನದ ಚಹಾ ಮುಗಿಸಿ ನಾನು ಲೋಟ ತೊಳೆಯುತ್ತಿದ್ದೆ. ಕುಡಿದ ಲೋಟವನ್ನು ಆಗಿಂದಾಗಲೇ ತೊಳೆದಿಡುವುದು ನನ್ನ ಪದ್ಧತಿ. ಪಡಸಾಲೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಸೊಸೆ ಗಾಲಿಯ ಮೇಲೆ ಕೈಯಿಟ್ಟುಕೊಂಡೇ ಕರೆದಳು.

"ಮಾವಾರ, ಒಂದ್ ಮಾತಾಡೂದೈತ್ರಿ."

"ಹೇಳವ್ವ."

"ನಾ ಬಸ್ ಹೊಡೀಬೇಕಂತ ಮಾಡೇನ್ರಿ."

ಸರ್ಕಾರಿ ಬಸ್ಸಿನ ಚಾಲಕನಾಗಿ ದುಡಿದು ನಿವೃತ್ತನಾದವನು ನಾನು. ಇಂಥ ಮಾತನ್ನು ನಮ್ಮ ಮನೆಯಲ್ಲಿ ಮಗನ ಬಾಯಿಂದಲೂ ಕೇಳಿರಲಿಲ್ಲ. ಅವನು ಬೀಜ ಗೊಬ್ಬರದ ಅಂಗಡಿಯ ನೌಕರಿ ಹಿಡಿದವನು, ಮೋಟರ್ ಸೈಕಲ್ಲಿಗಿಂತ ದೊಡ್ಡದನ್ನು ಮುಟ್ಟಲು ಅಂಜುತ್ತಾನೆ. ಸೊಸೆ ಹಾಗಲ್ಲ. ತವರಿನಲ್ಲಿ ಅಣ್ಣನ ಕಾರು ಓಡಿಸಿ ಲೈಸೆನ್ಸು ಪಡೆದೇ ಬಂದಿದ್ದಳು. ಬಂದ ಮೇಲೆ ಮಾತ್ರ ಓಣಿಯ ಹೆಂಗಸರ ಜಂಪರು ಹೊಲಿಯುತ್ತ ಕೂತುಬಿಟ್ಟಳು.

"ಹೊಲಿಗಿ ಏನ್ ಮಾಡೇತವ್ವ ನಿನಗ?"

"ಏನೂ ಮಾಡಿಲ್ರಿ. ದಿನಾ ಈ ಗ್ವಾಡಿ ನೋಡ್ಕೊಂತ ಕುಂದ್ರೂದು ಸಾಕಾಗೇತ್ರಿ. ಇದರ ಮ್ಯಾಲಿನ ಬಿರುಕು ಸೈತ ಬಾಯಿಪಾಠ ಆಗ್ಯಾವ."

ನಾನು ಗೋಡೆ ನೋಡಿದೆ. ಯಂತ್ರವನ್ನು ಅಲ್ಲಿ ಇಡಿಸಿದವನು ನಾನೇ. ಓಡಾಡಲು ಜಾಗ ಬಿಡಬೇಕೆಂದು ಗೋಡೆಗೆ ಹಚ್ಚಿ ಇಡಿಸಿದ್ದೆ.

ಅವಳು ಎಲ್ಲವನ್ನೂ ವಿಚಾರಿಸಿಕೊಂಡೇ ಬಂದಿದ್ದಳು. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ಒಂದು ಖಾಸಗಿ ಶಾಲೆಯಿದೆ. ಸಗರದ ಕಡೆಯ ಮಕ್ಕಳನ್ನು ತರುವ ಅದರ ಬಸ್ಸಿನ ಚಾಲಕ ಕೆಲಸ ಬಿಡುವವನಿದ್ದ. ಶಾಲೆಯ ದೊಡ್ಡ ಬಾಯಾರು, ಅಂದರೆ ಮುಖ್ಯೋಪಾಧ್ಯಾಯಿನಿ, ಹೆಣ್ಣುಮಗಳು ಬಂದರೆ ನಮಗೂ ಚಲೋ ಎಂದಿದ್ದರಂತೆ. ಆದರೆ ಜೂನಿನಲ್ಲಿ ಶಾಲೆ ಶುರುವಾಗುವ ಮೊದಲು ದೊಡ್ಡ ಗಾಡಿಯ ಲೈಸೆನ್ಸು ಕೈಯಲ್ಲಿರಬೇಕು. ಇಲ್ಲವಾದರೆ ಕೆಂಭಾವಿಯ ಒಬ್ಬನಿಗೆ ಆ ಕೆಲಸ.

ಯಾದಗಿರಿಯ ತರಬೇತಿ ಶಾಲೆಯಲ್ಲಿ ಹೆಸರು ಹಚ್ಚಿದೆವು. ಅಲ್ಲಿ ಹತ್ತು ಜನಕ್ಕೆ ಒಂದೇ ಗಾಡಿ, ಕೈಗೆ ಸ್ಟೇರಿಂಗ್ ಸಿಗುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು. ಹಾಗಾಗಿ ರಜೆಯಲ್ಲಿ ಸುಮ್ಮನೆ ನಿಂತಿದ್ದ ಶಾಲೆಯ ಬಸ್ಸನ್ನೇ ನನ್ನ ಜವಾಬ್ದಾರಿಯ ಮೇಲೆ ಕೇಳಿ ಪಡೆದೆ. ಸಗರದ ದಾರಿಯ ಪಕ್ಕದ ಬಯಲಿನಲ್ಲಿ ಕಲಿಸಲು ನಿಂತೆ.

ಕಲಿಸಿದ್ದು ಡಿಪೋದ ರೀತಿಯಲ್ಲಿ. ಮೊದಲು ನೀರು, ಆಯಿಲ್. ಆಮೇಲೆ ಗಾಡಿ ಸುತ್ತ ನಡೆದು ಟೈರುಗಳಿಗೆ ಒಂದೊಂದು ಏಟು ಹಾಕಿ ಸದ್ದು ಕೇಳುವುದು. ಕನ್ನಡಿ ಒರೆಸುವುದು. ಆಮೇಲೆ ಹತ್ತುವುದು. ಕಂಡಕ್ಟರ್ ರೈಟ್ ಅನ್ನುವ ತನಕ ಗಾಡಿ ಕೂದಲೆಳೆಯಷ್ಟೂ ಅಲುಗಬಾರದು. ನಾನೇ ಕಂಡಕ್ಟರ್ ಆಗಿ ಹಿಂದೆ ನಿಲ್ಲುತ್ತಿದ್ದೆ. ಗಾಡಿ ಹಿಂದೆ ತೆಗೆಯುವಾಗ "ಬರ್ಲಿ, ಬರ್ಲಿ" ಎಂದು ಕೂಗುವುದು, ಸಾಕೆನಿಸಿದಾಗ ತಗಡಿನ ಮೇಲೆ ಅಂಗೈಯಿಂದ ಬಡಿಯುವುದು. ಆ ಏಟು ಕೇಳಿದೊಡನೆ ಅವಳ ಕಾಲು ಬ್ರೇಕಿನ ಮೇಲೆ ಇರುತ್ತಿತ್ತು. ಕ್ಲಚ್ಚಂತೂ ಮೊದಲ ದಿನವೇ ಬಂತು.

"ಇದು ಹ್ಯಾಂಗ ಬಂತವ್ವ ಇಷ್ಟ್ ಲಗೂ?"

"ಮಷೀನ್ ತುಳಿದ ಕಾಲ್ರಿ ಇದು. ರೇಷ್ಮಿ ಅರಬಿಗೆ ಒಂದ್ ತುಳಿತ, ಜೀನ್ಸ್ ಅರಬಿಗೆ ಒಂದ್ ತುಳಿತ."

ಮನೆಗೆ ಹೋಗಿ ಹೆಂಡತಿಗೆ ಇದನ್ನು ಹೇಳಿ ಹೆಮ್ಮೆಪಟ್ಟುಕೊಂಡೆ. ಪರೀಕ್ಷೆಯ ದಿನವೂ ಹೆಮ್ಮೆಯಿಂದಲೇ ಯಾದಗಿರಿಗೆ ಹೋದೆ. ಅವಳು ಅಂಕಣದೊಳಗೆ, ನಾನು ತಂತಿ ಬಲೆಯ ಹೊರಗೆ. ಗಾಡಿಯ ಸುತ್ತ ನಡೆದು ಟೈರಿಗೆ ಏಟು ಹಾಕಿದಳು, ಕನ್ನಡಿ ಒರೆಸಿದಳು, ಹತ್ತಿದಳು. ಪಕ್ಕದ ಸೀಟಿನಲ್ಲಿ ಕೂತಿದ್ದ ಪರೀಕ್ಷೆಯ ಸಾಹೇಬರು ಕೈಸನ್ನೆ ಮಾಡಿದರು. ಗಾಡಿ ಅಲುಗಲಿಲ್ಲ.

"ಯಾಕಮ್ಮ, ನಡೀರಿ."

"ರೈಟ್ ಅನ್ರಿ ಸರ್."

"ಏನು?"

"ಹಿಂದ ಯಾರೂ ರೈಟ್ ಅಂದಿಲ್ರಿ ಇನ್ನ."

ಸರದಿಯಲ್ಲಿದ್ದ ಹುಡುಗರು ನಕ್ಕರು. ಒಬ್ಬನಂತೂ ಬಾಯಿಂದಲೇ ಸೀಟಿ ಊದಿದ. ಸಾಹೇಬರು ನಗಲಿಲ್ಲ, "ಇಲ್ಲಿ ಕಂಡಕ್ಟರ್ ಇರೋದಿಲ್ಲಮ್ಮ" ಎಂದರು. ಅವಳು ಮುಂದೆ ಚೆನ್ನಾಗಿಯೇ ಓಡಿಸಿದಳು. ಹಿಂದೆ ತೆಗೆಯುವ ಸರದಿ ಬಂದಾಗ ಕಿಟಕಿಯಿಂದ ಕಿವಿ ಹೊರಗೆ ಚಾಚಿದ್ದು ನನಗೆ ಕಂಡಿತು. ಅವಳು ಅಂಗೈ ಏಟಿಗೆ ಕಾಯುತ್ತಿದ್ದಳು. ನಾನು ಕೂಗಬಾರದೆಂದು ಎರಡೂ ಕೈಯಿಂದ ಬಲೆ ಹಿಡಿದೆ. ಗಾಡಿಯ ಹಿಂದಿದ್ದ ಗುರುತಿನ ಕಂಬ ಬಿತ್ತು, ಸೊಸೆ ನಪಾಸಾದಳು.

ಮರಳುವ ಬಸ್ಸು ಭೀಮಾ ನದಿಯ ಸೇತುವೆ ದಾಟಿತು. ಆಮೇಲೆ ಅವಳೇ ಅಂದಳು.

"ನಿಮ್ ಧ್ವನಿ ಭಾಳ ರೂಢಿ ಆಗೇತ್ರಿ ಮಾವಾರ."

ಮನೆಯಲ್ಲಿ ಹೆಂಡತಿ ಇಡೀ ಕತೆ ಕೇಳಿ, ರೊಟ್ಟಿಯ ಬುಟ್ಟಿ ಮುಂದಿಟ್ಟು, "ಈ ವಯಸ್ಸಿನ್ಯಾಗ ನೀವು ಕಂಡಕ್ಟರ್ ಕೆಲಸ ಕಲತ್ರಿ. ಆಕಿಗಿ ಡ್ರೈವರ್ ಕೆಲಸ ಯಾವಾಗ ಕಲಸ್ತೀರಿ?" ಎಂದಳು. ಸೊಸೆ ಫಕ್ಕನೆ ನಕ್ಕಳು. ನಗುತ್ತ ನಗುತ್ತಲೇ ಕಣ್ಣು ತುಂಬಿಕೊಂಡು ಒಳಗೆ ಹೋದಳು. ಶಾಲೆ ಶುರುವಾಗುವ ಮೊದಲು ಇನ್ನೊಂದೇ ಅವಕಾಶವಿತ್ತು.

ಮರುದಿನ ನಸುಕಿನಲ್ಲಿ ಬಯಲಿಗೆ ಹೋದಾಗ ನಾನು ಎಂದಿನಂತೆ ಹಿಂದೆ ಹೋಗಿ ನಿಂತೆ. ಅವಳು ಇಳಿದು ಬಂದಳು.

"ಮಾವಾರ, ಆ ಬೇವಿನ ಗಿಡದ ಬುಡಕ ಕುಂದರ್ರಿ."

"ಕುಂತು?"

"ಆ ಕಡೆ ಮಾರಿ ಮಾಡ್ರಿ. ನೀವು ನೋಡಾಕತ್ತಿದ್ರ ನಾ ಕನ್ನಡಿ ನೋಡಂಗಿಲ್ಲ, ನಿಮ್ಮನ್ನ ನೋಡ್ತೇನಿ."

ಹೋಗಿ ಕೂತೆ. ಬಸ್ಸಿಗೆ ಬೆನ್ನು ಕೊಟ್ಟು ಕೂರುವುದು ನನಗೆ ಹೊಸದು. ಬೆನ್ನ ಹಿಂದೆ ಗೇರು ಬದಲಾದದ್ದು, ಎಂಜಿನ್ನಿನ ಉಸಿರು ಏರಿದ್ದು, ಇಳಿದದ್ದು ಎಲ್ಲ ಕೇಳುತ್ತಿತ್ತು. ಪರೀಕ್ಷೆಯ ಕಂಬಗಳ ಬದಲಿಗೆ ನಾವು ನೆಟ್ಟ ಕೋಲುಗಳಿಗೆ ಅವಳು ಹೊಲಿಗೆಯಲ್ಲಿ ಉಳಿದ ಕೆಂಪು ಚಿಂದಿ ಕಟ್ಟಿದ್ದಳು. ಒಂದು ಕೋಲು ಬಿದ್ದ ಸದ್ದಾಯಿತು. ಏಳಲು ಹೋದ ಮೊಣಕಾಲನ್ನು ಕೈಯಿಂದ ಅದುಮಿ ಕೂತೆ. ಅವಳೇ ಇಳಿದು ನೆಟ್ಟಳು. ಮತ್ತೆ ಬಿತ್ತು, ಮತ್ತೆ ನೆಟ್ಟಳು. ಬಿಸಿಲೇರಿದ ಮೇಲೆ ಮನೆಗೆ ಬಂದು ಜಂಪರು ಹೊಲಿಯಲು ಕೂತಳು. ಒಪ್ಪಿಕೊಂಡ ಹೊಲಿಗೆಯನ್ನು ಅರ್ಧಕ್ಕೆ ಬಿಡುವವಳಲ್ಲ. ಆ ಒಂದು ವಿಷಯದಲ್ಲಿ ನಮ್ಮಿಬ್ಬರದೂ ಒಂದೇ ಜಾತಕ.

ಬರಬರುತ್ತ ಕೋಲು ಬೀಳುವ ಸದ್ದು ಕಡಿಮೆಯಾಯಿತು. ಒಂದು ಮುಂಜಾನೆ ಎಂಜಿನ್ ನಿಂತಿತು, ಬೇರೇನೂ ಕೇಳಿಸಲಿಲ್ಲ. ನಾನು ತಿರುಗಲಿಲ್ಲ.

"ಮಾವಾರ, ಈಗ ನೋಡ್ರಿ."

ಎರಡು ಸಾಲು ಕೋಲುಗಳ ನಡುವೆ ಬಸ್ಸು ನಿಂತಿತ್ತು, ಎರಡೂ ಕಡೆ ಸಮ ಸಂದು ಬಿಟ್ಟು. ಅವಳ ಹಣೆಯ ಬೆವರಿಗೆ ಕುಂಕುಮ ಇಳಿದಿತ್ತು. ಏನಾದರೂ ಹೇಳಬೇಕೆಂದುಕೊಂಡೆ, "ಹ್ಯಾಂಡ್ ಬ್ರೇಕ್ ಎಳದೀಯೇನು?" ಎಂಬುದಷ್ಟೇ ಬಾಯಿಗೆ ಬಂತು.

"ಎಳದೇನ್ರೀ," ಎಂದು ಉದ್ದಕ್ಕೆ ರಾಗ ಎಳೆದಳು.

ಎರಡನೆಯ ಸಲ ನಾನು ಯಾದಗಿರಿಗೆ ಹೋಗಲಿಲ್ಲ. ಗಂಡನ ಜೊತೆ ಹೋಗಿಬಂದಳು. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಅತ್ತೆಯ ಬಾಯಿಗೆ ಪೇಡೆ ತುರುಕಿದ್ದನ್ನು ನೋಡಿದ ಮೇಲೆ ನಾನು ಕೇಳುವುದೇನೂ ಉಳಿಯಲಿಲ್ಲ.

ಶಾಲೆ ಶುರುವಾದ ದಿನ ಮುಂಜಾನೆ, "ಖಾಲಿ ಗಾಡಿ ಸಗರಕ್ಕ ಹೊಂಟೈತಿ, ಬರ್ತೀರೇನ್ರಿ?" ಎಂದು ಕೇಳಿದಳು. ಮುಂದಿನ ಸೀಟು ಬಿಟ್ಟು ನಡುವಿನ ಸೀಟಿನಲ್ಲಿ ಕೂತೆ. ಬೇರೆಯವರು ಓಡಿಸುವ ಗಾಡಿಯಲ್ಲಿ ನಾನು ಯಾವತ್ತೂ ಕಣ್ಣು ಮುಚ್ಚಿದವನಲ್ಲ. ಪ್ರತಿ ತಿರುವಿನಲ್ಲಿ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ. ಆ ದಿನ ತಂಗಾಳಿಯಿತ್ತು, ಗಾಡಿ ಒಂದೇ ಹದದಲ್ಲಿ ಹೋಗುತ್ತಿತ್ತು. ಊರು ದಾಟಿದ್ದು ನೆನಪಿದೆ. ಆಮೇಲೆ ಯಾರೋ ಭುಜ ಮುಟ್ಟಿದರು.

"ಮಾವಾರ, ಏಳ್ರಿ. ಸಗರ ಬಂತು. ಹುಡುಗೂರು ಹತ್ತಾಕತ್ತಾವ, ಜರಾ ಸರೀರಿ."