ನಮ್ಮ ಓಣಿಗೆ ಗುರುವಾರದ ಪಾಳಿ

ಅಂತರ್ಜಾಲ ಪ್ರತಿಯೊಬ್ಬ ನಾಗರಿಕನ ಹಕ್ಕು ಎಂದು ಎಂ.ಎ.ಗೆ ನೂರಿಪ್ಪತ್ತು ಪುಟದ ಪ್ರಬಂಧ ಬರೆದವಳು ನಾನು. ಬರೆದದ್ದು ವಿಜಯಪುರದ ಹಾಸ್ಟೆಲ್‌ನಲ್ಲಿ. ತಿಕೋಟಾ ಹತ್ತಿರದ ನಮ್ಮ ಊರಿಗೆ ಮರಳಿದ ಮೇಲೆ ಆ ಹಕ್ಕಿಗೂ ಪಾಳಿ ಇದೆಯೆಂದು ಗೊತ್ತಾಯಿತು.

ಊರಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಒಣದ್ರಾಕ್ಷಿ ಶೆಡ್ಡಿನ ಮೇಲೆ ಹತ್ತಿದರೆ, ಅದೂ ಮಾತಿಗಷ್ಟೇ. ನೆಟ್ ಬೇಕೆಂದರೆ ಪಂಚಾಯಿತಿ ಗ್ರಂಥಾಲಯದ ಪುಕ್ಕಟೆ ವೈಫೈ. ಅದನ್ನು ನೋಡಿಕೊಳ್ಳುವ ಕಾಕಾ ಮೊದಲು ಊರಿಗೆ ನೀರು ಬಿಡುತ್ತಿದ್ದವರು. ಎಲ್ಲರೂ ಒಮ್ಮೆಲೇ ನಳ ತಿರುವಿದರೆ ಟಾಕಿ ಖಾಲಿಯಾಗುತ್ತದೆ ಎಂಬ ಹಳೆಯ ಅನುಭವದಿಂದ ವೈಫೈಯನ್ನೂ ಓಣಿವಾರು ಹಂಚಿದ್ದರು. ಪಾಳಿ ಇದ್ದ ಓಣಿಯವರ ಫೋನಿಗೆ ತಾವೇ ಪಾಸ್‌ವರ್ಡ್ ಒತ್ತಿ, ಸಂಜೆ ಅದನ್ನು ಬದಲಿಸುತ್ತಿದ್ದರು. ನಮ್ಮ ಓಣಿಗೆ ಗುರುವಾರ.

ಉಪನ್ಯಾಸಕಿ ಹುದ್ದೆಯ ಅರ್ಜಿಗೆ ಬುಧವಾರ ಸಂಜೆ ಐದೇ ಕೊನೆ. ಅದಕ್ಕೆ ಬೇಕಾದ ಪ್ರಮಾಣಪತ್ರ ಟಪಾಲಿನಲ್ಲಿ ಬಂದದ್ದು ಅದೇ ದಿನ ಮಧ್ಯಾಹ್ನ ಮೂರಕ್ಕೆ. ವಿಜಯಪುರದ ಬಸ್ಸು ನಾಲ್ಕೂವರೆಗೆ.

ಕಾಕಾನ ಮುಂದೆ ನಿಂತು ಸಂವಿಧಾನದ ಹತ್ತೊಂಬತ್ತನೇ ವಿಧಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಹಕ್ಕು ಐತಿ, ಯಾರ್ ಇಲ್ಲ ಅಂತಾರ ತಂಗಿ? ಪಾಳಿ ನಾಳಿಗಿ ಐತಿ."

ಮನೆಗೆ ಬಂದು ಹೇಳಿದಾಗ ಜೋಳ ಹಸನು ಮಾಡುತ್ತಿದ್ದ ನನ್ನಜ್ಜಿ ಮೊರ ಕೆಳಗಿಟ್ಟಳು. "ಕಾರ್ಯ ಇದ್ದ ಮನಿಗಿ ಪಾಳಿ ಬಿಟ್ಟು ನೀರು ಬಿಡೂದು ಮೊದಲಿಂದ ಐತಿ. ನಡಿ."

"ಏನ್ ಕಾರ್ಯ ಆಯಿ?" ಗ್ರಂಥಾಲಯದಲ್ಲಿ ಕಾಕಾ ಕೇಳಿದರು.

"ಕುಬಸ."

ಬಸುರಿಯರಿಗೆ ಮಾಡುವ ಕುಬಸ ಎಂದೊಡನೆ ಅವರು ಮದುವೆಯಾಗದ ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಇಕಿದಲ್ಲೋ, ಎಮ್ಮಿದು. ಗಬ್ಬ ಐತಿ. ಮಂದಿಗಿ ಹೇಳಿ ಕಳಸಬೇಕು, ಒತ್ತು."

ಕಾಕಾ ಒತ್ತಿದರು. ಐದಕ್ಕೆ ಹತ್ತು ನಿಮಿಷ ಇರುವಾಗ ಅರ್ಜಿ ಹೋಯಿತು.

"ನಾಳೆ ಊಟಕ್ಕ ಎಷ್ಟಕ್ಕ ಬರ್ಲಿ?" ಎಂದು ಅವರು ಕೇಳಿದ್ದರಿಂದ ನಿಜಕ್ಕೂ ಕುಬಸ ಮಾಡಬೇಕಾಯಿತು. ಎಮ್ಮೆ ತನ್ನ ಕೊಂಬಿಗೆ ಕಟ್ಟಿದ ಹಸಿರು ರವಿಕೆ ಖಣವನ್ನು ಕೆಡವಿ ಅರ್ಧ ತಿಂದಿತು. ಕಾಕಾ ನಾಲ್ಕು ಹೋಳಿಗೆ ತಿಂದರು.

ಮುಂದಿನ ವಾರ ಊರಿನ ಮೂರು ಆಕಳು, ಒಂದು ಆಡು ಕುಬಸ ಮಾಡಿಸಿಕೊಂಡವು. ಆಡಿನ ಮನೆಯ ಊಟದ ಮರುದಿನ ಕಾಕಾ ಹೊಟ್ಟೆ ಹಿಡಿದುಕೊಂಡು ಬಂದು, ಪಾಸ್‌ವರ್ಡನ್ನು ಸೀಮೆಸುಣ್ಣದಲ್ಲಿ ಗ್ರಂಥಾಲಯದ ಬಾಗಿಲ ಮೇಲೆ ಬರೆದುಬಿಟ್ಟರು. ಟಾಕಿ ಇನ್ನೂ ಖಾಲಿಯಾಗಿಲ್ಲ.

ನನಗೆ ಸಂದರ್ಶನಕ್ಕೆ ಕರೆ ಬಂತು. ಪ್ರಬಂಧ ತಿರುವಿ ಹಾಕುತ್ತ ಒಬ್ಬರು, "ಈ ಹಕ್ಕನ್ನು ಹಳ್ಳಿಯ ನಾಗರಿಕ ಪಡೆಯುವುದು ಹೇಗೆ?" ಎಂದು ಕೇಳಿದರು. ವಿಧಿಗಳನ್ನು ಕ್ರಮವಾಗಿ ಹೇಳಿದೆ. ಎಮ್ಮೆಯ ಸುದ್ದಿ ಎತ್ತಲಿಲ್ಲ.