ಅತ್ತೆ ಕತ್ತರಿಸಿದ ಜರಿ

ಸೀರೆ ನೀಲಿಯೋ ನೇರಳೆಯೋ, ಚಳ್ಳಕೆರೆ ಬಸ್ಸಿನಲ್ಲಿ ಕೂತು ಬರೆಯುವಾಗಲೇ ಅನುಮಾನ. ಅಂಚಿನ ಜರಿ ತುಂಡಾಗಿದ್ದುದನ್ನಂತೂ ಕಣ್ಣಾರೆ ಕಂಡೆ.

ಮೊಳಕಾಲ್ಮೂರಿನಲ್ಲಿ ಸೀರೆ ನೇಯುವ ಸೋದರತ್ತೆಯ ಮನೆಗೆ ಹೋಗಿದ್ದೆ. ನಾಡಿದ್ದು ಮದುವೆಮನೆಗೆ ಕೊಡಬೇಕಾದ ಸೀರೆ ಮಗ್ಗದ ಮೇಲೆ ಅರ್ಧಕ್ಕೇ ನಿಂತಿತ್ತು. ಜರಿಯೆಲ್ಲ ತುಂಡು ತುಂಡು.

“ಸೂರ್ಯನಿಂದ ಬಿರುಗಾಳಿ ಬರ್ತೈತೆ ಅಂತ ಟೀವ್ಯಾಗೆ ಹೇಳಿದ್ರು. ಜರಿ ಅಂದ್ರೆ ತಂತಿನೇ ಅಲ್ವೇನೆ? ಕರೆಂಟ್ ಹೊಡೀತೈತೆ ಅಂತ ಕತ್ತರಿಸಿಬಿಟ್ಟೆ” ಎಂದರು ಅತ್ತೆ.

ಸೂರ್ಯನ ಕಾಂತಕ್ಷೇತ್ರವನ್ನೇ ಓದುತ್ತಿರುವವಳು ನಾನು. ಮೈಯೆಲ್ಲ ಉರಿದುಹೋಯಿತು.

“ಅದು ಊರಿಂದೂರಿಗೆ ಹೋಗೋ ವಿದ್ಯುತ್ ತಂತಿಗೆ ಆಗೋದು, ಆರು ಗಜದ ಸೀರೆಗಲ್ಲ! ಆ ಟೀವಿಯೋರನ್ನ ಹಿಡಿದು ಮಗ್ಗದ ಗುಂಡಿಗೆ ತಳ್ಳಬೇಕು!”

“ತಂತಿ ವಿಷಯ ಟೀವಿಯೋರು ಹೇಳ್ಲಿಲ್ಲ ಕಣೇ. ಆ ಗಾಳಿ ಬಂದ್ರೆ ತಂತ್ಯಾಗೆ ಕರೆಂಟ್ ಹರೀತೈತೆ ಅಂತ ಯುಗಾದಿಗೆ ಬಂದಾಗ ನೀನೇ ಹೇಳಿದ್ದು. ಅಷ್ಟು ಓದಿದೋಳು ಸುಳ್ಳು ಹೇಳ್ತಾಳಾ ಅಂದ್ಕೊಂಡೆ.”

ಹೇಳಿರಬಹುದು, ನನಗೆ ನೆನಪಿಲ್ಲ. ಸಿಟ್ಟು ಮಾತ್ರ ಇಳಿಯಲಿಲ್ಲ. ಟೀವಿಯವರ ಮೇಲಿದ್ದದ್ದು ಅತ್ತೆಯ ಮೇಲೆ ತಿರುಗಿತು, ಅಷ್ಟೇ. ಅತ್ತೆ ತಲೆ ಎತ್ತದೆ ತುಂಡಾದ ಎಳೆಗಳನ್ನು ಹೊಸೆಯುತ್ತಾ ಕೂತರು. ಬಸ್ಸಿಗೆ ಹೊರಡುವ ಮುಂಚೆ ಕೇಳಿಯೇಬಿಟ್ಟೆ:

“ನನ್ನ ಮಾತು ಅಷ್ಟು ನಂಬೋರು, ಕತ್ತರಿ ಹಿಡಿಯೋ ಮುಂಚೆ ನನಗೊಂದು ಫೋನ್ ಯಾಕೆ ಮಾಡ್ಲಿಲ್ಲ ಅತ್ತೆ?”